ಆಪಾ ಹುಡುಕಿದ ಸಂದು

ಕಾಲೇಜಿನಲ್ಲಿ ಆಪಾಗೆ ಏರ್ಪಡಿಸಿದ್ದ ಶ್ರದ್ಧಾಂಜಲಿ ಸಭೆಯಲ್ಲಿ ನನಗೂ ಎರಡು ಮಾತಾಡಲು ಹೇಳಿದರು. ಎದ್ದು ನಿಂತು, ಅವರು ಶಿಸ್ತಿನವರು, ಸರಳರು, ವಿದ್ಯಾರ್ಥಿಗಳ ಮೇಲೆ ಪ್ರೀತಿ ಇದ್ದವರು ಅಂದು ಕೂತೆ. ನನಗಿಂತ ಮೊದಲು ಮಾತಾಡಿದವರೂ ಅದನ್ನೇ ಹೇಳಿದ್ದರು. ಮನೆಗೆ ಬಂದು ಸೀರೆ ಬದಲಿಸುವಾಗ ಅನಿಸಿತು, ಈ ಮಾತುಗಳನ್ನು ಯಾರು ಸತ್ತರೂ ಹೇಳಬಹುದು. ಆಪಾ ಕೇಳಿಸಿಕೊಂಡಿದ್ದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಇದರಾಗ ನಾ ಎಲ್ಲಿದ್ದೇನಿ ಬೇ?" ಅಂತಿದ್ದರು.

ಅವರು ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು, ನಾನು ಗಣಿತ. ಆಳಂದದ ಮಗಳು, ಜೇವರ್ಗಿಗೆ ಸೊಸೆಯಾಗಿ ಬಂದವರು. ನಾನು ಮಟಕಿ ಊರಿನವಳು ಅಂತ ಗೊತ್ತಾದ ದಿನವೇ, "ಹಂಗಾದ್ರ ನೀ ನಮ್ಮ ತವರ ಕಡಿಯಾಕಿ" ಅಂದು ತಮ್ಮ ಡಬ್ಬಿಯ ಜೋಳದ ರೊಟ್ಟಿ, ಪುಂಡಿಪಲ್ಯ ನನ್ನ ಮುಂದೆ ಸರಿಸಿದರು. ಅವತ್ತಿನಿಂದ ಅವರು ನನಗೆ ಆಪಾ, ಅಂದರೆ ಅಕ್ಕ.

ಲ್ಯಾಬಿನಲ್ಲಿ ಯಾರಾದರೂ "ಮೇಡಂ, ಕಂಪ್ಯೂಟರ್ ಕೆಟ್ಟದ್ರಿ" ಅಂದರೆ ಆಪಾ ಕುರ್ಚಿಯಿಂದ ಏಳುತ್ತಿರಲಿಲ್ಲ. "ಕೆಟ್ಟದ್ದು ನಾ ಆಮ್ಯಾಲ ಹೇಳ್ತೇನಿ. ನೀ ನೋಡಿದ್ದನ್ನ ಹೇಳು" ಅನ್ನುತ್ತಿದ್ದರು. ಒಂದು ಸಲ ಪರೀಕ್ಷೆಯಲ್ಲಿ ಇಜೇರಿಯ ಹುಡುಗಿಯೊಬ್ಬಳು ನಕಲು ಮಾಡಿದಳು ಅಂತ ಹೊಸ ಉಪನ್ಯಾಸಕರೊಬ್ಬರು ಅವಳ ಉತ್ತರ ಪತ್ರಿಕೆ ಕಸಿದುಕೊಂಡು ಬಂದರು. ಆಪಾ ಅವರನ್ನೂ ಅದೇ ಕೇಳಿದರು.

"ಮತ್ತ ಮತ್ತ ಹಿಂದ ತಿರುಗಿ ನೋಡಾಕತ್ತಿದ್ಳ್ರಿ."

"ಏನ್ ನೋಡಿದ್ಳು?"

"ಅದು ನನಗೇನ್ ಗೊತ್ರಿ?"

ಆಪಾ ಕೋಣೆಗೆ ಹೋಗಿ ಆ ಹುಡುಗಿಯ ಬೆಂಚಿನಲ್ಲಿ ತಾವೇ ಕೂತರು. ಮುಂದಿನ ಗೋಡೆಯ ಗಡಿಯಾರ ನಿಂತುಹೋಗಿತ್ತು. ನಡೆಯುವ ಗಡಿಯಾರ ಇದ್ದದ್ದು ಹಿಂದಿನ ಗೋಡೆಗೆ. ಪತ್ರಿಕೆ ಹುಡುಗಿಗೆ ವಾಪಸು ಹೋಯಿತು. ಆ ಉಪನ್ಯಾಸಕರಿಗೆ ಆಪಾ ಒಂದು ಮಾತೂ ಅನ್ನಲಿಲ್ಲ. ಮಧ್ಯಾಹ್ನ ಕರೆದು ಜೊತೆಗೆ ಊಟಕ್ಕೆ ಕೂಡಿಸಿಕೊಂಡರು.

ಅವರ ಯಜಮಾನರದು ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ದೊಡ್ಡ ಮೈ, ದೊಡ್ಡ ನಗು, ಅಂಗಿಗೆ ಯಾವಾಗಲೂ ವಾರ್ನಿಷ್ ವಾಸನೆ. ನಾನು ಹೋದಾಗಲೆಲ್ಲ ಚಹಾ ತರಿಸಿ ಹೆಂಡತಿಯನ್ನು ಕಾಡಿಸುತ್ತಿದ್ದರು. "ನಮ್ಮ ಮೋಟರ್ ಸುಟ್ರ ಓಣಿ ತುಂಬ ವಾಸನಿ ಬರ್ತದ. ನಿಮ್ಮ ಆಪಾನ ಸಾಮಾನು ಕೆಟ್ರ ವಾಸನೀನೂ ಇಲ್ಲ, ಹೊಗೀನೂ ಇಲ್ಲ. ಇಕಿ ಹೆಂಗ ಹುಡುಕ್ತಾಳೋ ಏನೋ." ಆಪಾ ಅವರ ತಟ್ಟೆಯಿಂದ ಒಂದು ಮಿರ್ಚಿ ಎತ್ತಿಕೊಂಡು ತಿನ್ನುತ್ತಿದ್ದರು. ಮಕ್ಕಳಿರಲಿಲ್ಲ. ಅಂಗಡಿಯಲ್ಲಿ ಯಜಮಾನರ ತಮ್ಮನೂ ಕೆಲಸ ಮಾಡುತ್ತಿದ್ದ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿ, ಕಸಬು ಕಲಿಸಿ, ಮದುವೆ ಮಾಡಿದ್ದೆಲ್ಲ ಅಣ್ಣನೇ.

ಬಿಸಿಲುಗಾಲದ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಲ್ಲೇ ಯಜಮಾನರಿಗೆ ಎದೆ ನೋವು ಬಂತು. ತಮ್ಮ ಅವರನ್ನು ಹತ್ತಿರದ ಒಂದು ಸಣ್ಣ ಖಾಸಗಿ ದವಾಖಾನೆಗೆ ಕರೆದೊಯ್ದ. ಆಪಾ ಕಾಲೇಜಿನಿಂದ ನೇರ ಅಲ್ಲಿಗೆ ಓಡಿದರು. ಅಲ್ಲಿ ಹೃದಯದ ಡಾಕ್ಟರು ಇರಲಿಲ್ಲ. ಇಸಿಜಿ ತೆಗೆದು ಕಲಬುರಗಿಯ ಹೃದ್ರೋಗ ತಜ್ಞರಿಗೆ ಕಳಿಸುತ್ತಿದ್ದರು, ಅವರು ನೋಡಿ ಹೇಳಿದ ಮೇಲೆ ರಕ್ತ ಕರಗಿಸುವ ಇಂಜೆಕ್ಷನ್ ಕೊಡಬೇಕು. ಇಸಿಜಿ ಮಷಿನ್ನಿನಿಂದ ಮೊದಲು ದವಾಖಾನೆಯ ಆಫೀಸಿನ ಕಂಪ್ಯೂಟರಿಗೆ, ಅಲ್ಲಿಂದ ಕಲಬುರಗಿಗೆ ಹೋಗುವ ವ್ಯವಸ್ಥೆ.

ಮಷಿನ್ ನೋಡಿಕೊಳ್ಳುತ್ತಿದ್ದವರು ಅಫಜಲಪುರದ ಕಡೆಯ ಒಬ್ಬ ಟೆಕ್ನಿಶಿಯನ್, ನಡುವಯಸ್ಸಿನವರು, ಮೆಲುಮಾತಿನವರು. ಅವರು ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆದು ಕಳಿಸಲು ಒತ್ತಿದರು. ಹೋಗಲಿಲ್ಲ. ಇನ್ನೊಮ್ಮೆ ಒತ್ತುವಷ್ಟರಲ್ಲಿ ಮಷಿನ್ ಅಲ್ಲೇ ನಿಂತುಬಿಟ್ಟಿತು. ಆರಿಸಿ ಮತ್ತೆ ಚಾಲೂ ಮಾಡಿದರು. ಅದು ಏಳಲು ತಡವಾಯಿತು. ಅಷ್ಟರಲ್ಲಿ ಡಾಕ್ಟರು ಇಂಜೆಕ್ಷನ್ ತಂದಿಡಿರಿ ಅಂದರು, ಆಪಾ ಎದುರಿನ ಔಷಧಿ ಅಂಗಡಿಗೆ ಹೋದರು. ಕೊನೆಗೆ ಡಾಕ್ಟರು ಇಸಿಜಿ ಹಾಳೆಯ ಫೋಟೋ ತೆಗೆದು ಫೋನಿನಲ್ಲಿ ಕಳಿಸಿದರು. ಕಲಬುರಗಿಯಿಂದ ಕೊಡಿರಿ ಅಂತ ಹೇಳಿದ್ದೂ ಬಂತು. ಇಂಜೆಕ್ಷನ್ ಹಿಡಿದುಕೊಂಡು ಆಪಾ ಮೆಟ್ಟಿಲು ಹತ್ತುವಾಗ ಮೈದುನ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

ಆಮೇಲೆ ಅವನು ಆ ಟೆಕ್ನಿಶಿಯನ್ನರ ಕೊರಳಪಟ್ಟಿ ಹಿಡಿದ. "ಒಂದ್ ಬಟನ್ ಒತ್ತಾಕ ಬರದವನ್ನ ಇಲ್ಲ್ಯಾಕ ಇಟ್ಟೀರಿ?" ಅಂತ ಕೂಗಾಡಿದ. ದೂರು ಬರೆದುಕೊಟ್ಟ. ಊರಿನಲ್ಲಿ, ಆ ಮನುಷ್ಯ ಮೊಬೈಲ್ ನೋಡಾಕತ್ತಿದ್ನಂತ ಅನ್ನುವ ಮಾತು ಹುಟ್ಟಿ ಮನೆಯಿಂದ ಮನೆಗೆ ಹೋಯಿತು. ದವಾಖಾನೆಯವರಿಗೂ ಯಾರಾದರೊಬ್ಬರ ತಪ್ಪು ಬೇಕಾಗಿತ್ತು. ಆ ಟೆಕ್ನಿಶಿಯನ್ನರನ್ನು ಕೆಲಸದಿಂದ ತೆಗೆದರು.

ಗಂಡ ತೀರಿಕೊಂಡವರು ಹೊರಗೆ ಹೋಗದೆ ಇರುವ ಇದ್ದತ್ತಿನ ತಿಂಗಳುಗಳನ್ನು ಮನೆಯಲ್ಲೇ ಕಳೆದು ಆಪಾ ಕಾಲೇಜಿಗೆ ಬಂದರು. ಸ್ಟಾಫ್‌ರೂಮಿನಲ್ಲಿ ಯಾರಿಗೂ ಸಂತಾಪ ಹೇಳಲು ಬಿಡಲಿಲ್ಲ. ನನ್ನನ್ನು ಲ್ಯಾಬಿಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿ, "ಅವತ್ತ ಆ ಮಷಿನ್ ಮ್ಯಾಲ ಬಂದ ಮಾತು ನಾ ಓದೇನಿ" ಅಂದರು.

"ಏನ್ ಬಂದಿತ್ರಿ?"

"ಆ ಕಡಿಯವರು ಸಂಪರ್ಕ ಕಡದಾರ ಅಂತ. ಆ ಕಡಿ ಕಂಪ್ಯೂಟರ್ ಬಂದ್ ಇದ್ರ, ಇಲ್ಲಾ ನಡುವ ತಂತಿ ಹರದಿದ್ರ ಈ ಮಾತು ಬರೂದಿಲ್ಲ. ಕಾಯ್ದು ಸಾಕಾತು, ಉತ್ತರ ಇಲ್ಲ ಅಂತ ಬರ್ತದ. ಇದು ಹಂಗಲ್ಲ. ಮನ್ಯಾಗ ಇದ್ದವರೇ ಬಾಗಲಾಗ ನಿಂತು, ನೀ ಯಾರೋ ನಮಗ ಗೊತ್ತಿಲ್ಲ ಅಂದಂಗ."

"ಅಂದ್ರ ಆ ಮನಷ್ಯಾ ತಪ್ಪು ಒತ್ತಿಲ್ಲ?"

"ತಪ್ಪು ಒತ್ತಿದ್ರ ಅದು ಅಲ್ಲೀತನಾ ಹೋಗೂದೇ ಇಲ್ಲ. ಅವರ ಕೈ ನಾ ನೋಡಾಕತ್ತಿದ್ದೆ. ಒತ್ತಿದ್ದು ಸರಿ ಇತ್ತು. ಆ ಕಂಪ್ಯೂಟರ್ ಯಾಕ ಹಂಗಂತು, ಅದು ನನಗ ತಿಳೀಬೇಕು."

ಆ ಕಂಪ್ಯೂಟರ್ ತೋರಿಸಲು ದವಾಖಾನೆಯ ಮಾಲೀಕ ಡಾಕ್ಟರು ಮೊದಲು ಒಪ್ಪಲಿಲ್ಲ, ಕೇಸು ಹಾಕುತ್ತಾರೆ ಅಂತ ಹೆದರಿದರು. "ಕೇಸ್ ಹಾಕೂದಿದ್ರ ವಕೀಲರನ್ನ ಕರಕೊಂಡು ಬರ್ತಿದ್ದೆ. ನಾ ಒಬ್ಬಾಕಿನೇ ಬಂದೇನಿ" ಅಂದರು ಆಪಾ. ಮುಂದೆ ದವಾಖಾನೆಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಆ ಡಾಕ್ಟರೇ ಆಳಿನ ಕೈಯಲ್ಲಿ ಕಳಿಸಿಕೊಟ್ಟರು. ಹಳೆಯ ದಾಖಲೆಗಳು ತಾವೇ ಅಳಿಸಿಹೋಗುವ ಏರ್ಪಾಡು ಅದರಲ್ಲಿತ್ತು. ಅವತ್ತಿನದು ಏನೂ ಉಳಿದಿರಲಿಲ್ಲ.

ಮೋಟರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಯಜಮಾನರು ತಂತಿ ಸುತ್ತುತ್ತಿದ್ದ ಮೇಜಿನ ಮೇಲೆಯೇ, ಆಪಾ ಆ ಕಂಪ್ಯೂಟರ್ ಇಟ್ಟರು. ಪಕ್ಕದಲ್ಲಿ ತಮ್ಮದೊಂದು. ಒಂದರಿಂದ ಇನ್ನೊಂದಕ್ಕೆ ಇಸಿಜಿ ಮಷಿನ್ನಿನ ಹಾಗೆಯೇ ಸಂಪರ್ಕ ಮಾಡಿ ಮಾಹಿತಿ ಕಳಿಸುವ ಪ್ರೋಗ್ರಾಮ್ ಬರೆದು ಬಿಟ್ಟರು. ಅದು ಕಳಿಸುತ್ತಲೇ ಇತ್ತು, ಇದು ತೆಗೆದುಕೊಳ್ಳುತ್ತಲೇ ಇತ್ತು. ರವಿವಾರ ನಾನು ಹೋಗಿ ಜೊತೆಗೆ ಕೂಡುತ್ತಿದ್ದೆ. ಏನೂ ತಪ್ಪಾಗುತ್ತಿರಲಿಲ್ಲ. ಆಪಾ ಸಣ್ಣಗಾಗುತ್ತ ಹೋದರು. ಮೈದುನ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದ. ಒಂದು ದಿನ ಒಳಗೆ ಬಂದ.

"ಭಾಬಿ, ಇದನ್ನ ಬಿಡ್ರಿ ಇನ್ನ. ಅಣ್ಣ ತಿರುಗಿ ಬರೂದಿಲ್ಲ. ಆ ಮಷಿನ್ನಿನವನ ಮ್ಯಾಲಿನ ಸಿಟ್ಟು ನನಗಿರ್ಲಿ. ನೀವ್ಯಾಕ ಅವನ ಪರವಾಗಿ ಜೀವಾ ತೇಯ್ತೀರಿ?"

"ಸಿಟ್ಟು ಇರ್ಲಿ. ಆದ್ರ ಅದು ಯಾರ ಮ್ಯಾಲ ಇರಬೇಕೋ ಅವರ ಮ್ಯಾಲ ಇರ್ಲಿ" ಅಂದರು ಆಪಾ, ಪರದೆಯಿಂದ ಕಣ್ಣು ತೆಗೆಯದೆ.

ಅದು ಸಿಕ್ಕ ರವಿವಾರ ನಾನು ಅಲ್ಲೇ ಇದ್ದೆ. ಪರದೆಯ ಮೇಲೆ ಹರಿಯುತ್ತಿದ್ದ ಸಾಲುಗಳ ನಡುವೆ ಅದೇ ಮಾತು ಬಂತು, ಆ ಕಡೆಯವರು ಸಂಪರ್ಕ ಕಡಿದಿದ್ದಾರೆ. ನಾನು ಎದ್ದೇಬಿಟ್ಟೆ. ಆಪಾ ಏಳಲಿಲ್ಲ. ಕೈ ಚಾಚಿ ಫ್ಯಾನ್ ಆರಿಸಿದರು, ಅದರ ಸದ್ದು ಬೇಡವಾಗಿತ್ತೋ ಏನೋ. ಬೆವರುತ್ತ ಆ ಸಾಲನ್ನು ಗಂಟೆ ಸಮೇತ ವಹಿಯಲ್ಲಿ ಬರೆದುಕೊಂಡರು.

ಅದು ಪ್ರೋಗ್ರಾಮಿನ ತಪ್ಪಲ್ಲ, ಅದಕ್ಕಿಂತ ಕೆಳಗೆ ಆಪರೇಟಿಂಗ್ ಸಿಸ್ಟಮ್ಮಿನಲ್ಲೇ ಇರುವ ತಪ್ಪು ಅಂತ ಮುಂದೆ ಗೊತ್ತಾಯಿತು. ಆ ಸಿಸ್ಟಮ್ ಯಾರು ಬೇಕಾದರೂ ಓದಬಹುದಾದದ್ದು, ತಿದ್ದಿ ಕಳಿಸಬಹುದಾದದ್ದು. ಆಪಾ ಓದಿದರು. ನನಗೆ ತಿಳಿಯುವ ಹಾಗೆ ಹೇಳಿದ್ದು ಹೀಗೆ:

"ಹೊರಗಿಂದ ಒಂದ್ ತುಣುಕು ಬಂತು ಅಂದ್ರ, ಇದು ಯಾರ ಮಾತುಕತಿದು ಅಂತ ಸಿಸ್ಟಮ್ ಒಂದ್ ಪಟ್ಟ್ಯಾಗ ಹುಡುಕ್ತದ. ಆ ಪಟ್ಟ್ಯಾಗಿನ ಒಂದೊಂದು ಹೆಸರು ಒಂದೊಂದು ಸಾಕೆಟ್, ಅಂದ್ರ ಒಂದೊಂದು ಮಾತುಕತಿಯ ಈ ಕಡಿ ತುದಿ. ಮಾತುಕತಿ ಇನ್ನೂ ಶುರು ಆಗೂ ಮೊದ್ಲ ಒಂದ್ ಕಚ್ಚಾ ಹೆಸರು ಇರ್ತದ. ಪೂರಾ ಶುರು ಆದ ಮ್ಯಾಲ ಅದನ್ನ ತಗದು ಪಕ್ಕಾ ಹೆಸರು ಹಚ್ತಾರ. ತಿಳೀತೇನು?"

"ಸ್ವಲ್ಪ."

"ನನ್ನ ಲಗ್ನ ಆದಾಗ ಆಳಂದದ ರೇಷನ್ ಕಾರ್ಡಿನ್ಯಾಗಿಂದ ನನ್ನ ಹೆಸರು ತಗದ್ರು. ಇಲ್ಲಿ ಮನಿ ಕಾರ್ಡಿಗೆ ಇನ್ನೂ ಹತ್ತಿದ್ದಿಲ್ಲ. ನಡುವ ಯಾರರ ಹುಡುಕಿದ್ರ ನಾ ಅಪ್ಪನ ಮನ್ಯಾಗೂ ಇಲ್ಲ, ಗಂಡನ ಮನ್ಯಾಗೂ ಇಲ್ಲ. ಹುಟ್ಟೇ ಇಲ್ಲ. ಅಂಥಾ ಒಂದ್ ಸಂದು ಇದರಾಗ ಅದ. ಕಂಪ್ಯೂಟರಿಗೆ ಈಗ ಒಂದೇ ಕೈ ಇರೂದಿಲ್ಲ. ಒಂದ್ ಕೈ ಹಳೀ ಹೆಸರು ತಗದು ಹೊಸಾದು ಹಚ್ಚೂದರಾಗ ಇನ್ನೊಂದ್ ಕೈ ಬಂದು ಹುಡುಕಿದ್ರ ಎರಡೂ ಸಿಗೂದಿಲ್ಲ. ಅಂಥವರು ಇಲ್ಲ ಅಂತ ಹೇಳಿ ಬಾಗಲಾ ಹಾಕ್ತದ. ರೇಸ್ ಕಂಡೀಶನ್ ಅಂತಾರ ಇದಕ್ಕ. ಎರಡು ಕೈಯಾಗ ಯಾವುದು ಮೊದ್ಲ ಮುಟ್ತದ ಅನ್ನೂದರ ಮ್ಯಾಲ ಎಲ್ಲಾ."

ಗಣಿತದವಳಲ್ಲವೇ, ನಾನು ಅಂದೆ, "ಹಂಗಾದ್ರ ಇದು ಆಗೂ ಸಂಭವ ಭಾಳ ಕಡಿಮಿ ಆಪಾ."

"ಆದವರಿಗೆ ಕಡಿಮಿ ಅನ್ನೂದು ಇಲ್ಲ ಬೇ" ಅಂದರು.

ಆ ಸಂದು ನಿಜ ಅಂತ ಖಾತ್ರಿ ಮಾಡಿಕೊಳ್ಳಲು ಅದನ್ನು ಅವರು ಬೇಕಂತಲೇ ಅಗಲ ಮಾಡಿದರು. ಹಳೆಯ ಹೆಸರು ತೆಗೆಯುವುದಕ್ಕೂ ಹೊಸದು ಹಚ್ಚುವುದಕ್ಕೂ ನಡುವೆ ಸ್ವಲ್ಪ ತಡೆ ಹಾಕಿದರು. ಆಗ ಕಳಿಸಿದ್ದೆಲ್ಲ ವಾಪಸು ಬರತೊಡಗಿತು. ಮೇಜಿನ ಮುಂದೆ ಕೂತು ಆ ಒಂದೇ ಮಾತು ಮತ್ತೆ ಮತ್ತೆ ಬರುವುದನ್ನು ನೋಡುವಾಗ ಅವರ ಮುಖ ನೋಡಲಾಗದೆ ನಾನು ಹೊರಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ.

ತಿದ್ದಿದ್ದು ಕೆಲವೇ ಸಾಲು. ಹೊಸ ಹೆಸರು ಮೊದಲು ಹಚ್ಚಬೇಕು, ಆಮೇಲೆ ಹಳೆಯದು ತೆಗೆಯಬೇಕು. ಬರೆದು ಆ ಸಿಸ್ಟಮ್ ನೋಡಿಕೊಳ್ಳುವವರ ಬಳಗಕ್ಕೆ ಕಳಿಸಿದರು. ಯಾವುದೋ ದೇಶದಿಂದ ಒಬ್ಬರು ಉತ್ತರ ಬರೆದರು, ಹೀಗೆ ಮಾಡಿದರೆ ಒಂದು ಗಳಿಗೆ ಎರಡೂ ಹೆಸರು ಇರುತ್ತವೆ, ಹುಡುಕುವವರಿಗೆ ತಪ್ಪಾದದ್ದು ಸಿಗಬಹುದು ಅಂತ. ನನಗೆ ಸಿಟ್ಟು ಬಂತು. ಆಪಾ ಎರಡು ಸಲ ಓದಿ, "ಅವರು ಹೇಳೂದು ಖರೇ ಅದ. ಇದು ನನಗ ಹೊಳೀಬೇಕಿತ್ತು" ಅಂದು ಮತ್ತೆ ಕೂತರು. ಕಚ್ಚಾ ಹೆಸರೇ ಕೈಗೆ ಸಿಕ್ಕರೂ ಅದನ್ನು ಹಿಡಿದು ಪಕ್ಕಾ ಹೆಸರಿಗೆ ಮುಟ್ಟುವ ಹಾಗೆ ಬರೆದು ಮತ್ತೆ ಕಳಿಸಿದರು. ಇನ್ನೊಬ್ಬರು ಕೇಳಿದರು, ಇದು ನಿಜವಾಗಿ ಯಾರಿಗಾದರೂ ಆಗಿದೆಯೇ, ಇಲ್ಲ ಕಾಗದದ ಮೇಲಿನ ಲೆಕ್ಕವೇ ಅಂತ. ಆಪಾ ತಮ್ಮ ಪರೀಕ್ಷೆಯ ಪ್ರೋಗ್ರಾಮ್ ಲಗತ್ತಿಸಿ, ನೀವೇ ನಡೆಸಿ ನೋಡಿರಿ ಅಂತಷ್ಟೇ ಬರೆದರು.

"ಯಜಮಾನರ ಸುದ್ದಿ ಬರೀರಿ ಆಪಾ. ಓದಿದ್ರ ಅವರಿಗೂ ತಿಳೀತದ" ಅಂದೆ.

"ಇದರಿಂದಲೇ ಹೋದ್ರು ಅಂತ ನನಗ ಗೊತ್ತದ ಏನು? ಅವತ್ತಿನ ದಾಖಲಿ ಇಲ್ಲ. ಜಲ್ದಿ ಹೋಗಿದ್ರೂ ಉಳೀತಿದ್ರು ಅಂತ ಹೇಳಾಕ ಬರೂದಿಲ್ಲ ಅಂದಾರ ಡಾಕ್ಟರು. ಗೊತ್ತಿಲ್ಲದ್ದನ್ನ ಹೆಂಗ ಬರೀಲಿ?"

ಆ ತಿದ್ದುಪಡಿಯನ್ನು ಬಳಗದವರು ಒಪ್ಪಿಕೊಂಡರು ಅಂತ ತಿಳಿದ ದಿನ ಆಪಾ ಎಂದಿನ ಹಾಗೆ ಕ್ಲಾಸು ತೆಗೆದುಕೊಂಡರು. ಸಂಜೆ ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಅಫಜಲಪುರಕ್ಕ ಹೋಗಬೇಕು. ನೀ ಬರ್ತೀ ಏನು?" ಅಂದರು. ಮೈದುನನನ್ನೂ ಕರೆದಿದ್ದರು. ಅವನು ಒಂದು ಮೋಟರಿನ ಮೇಲೆ ಬಗ್ಗಿಕೊಂಡು ಕೇಳಿಸದವನ ಹಾಗೆ ಇದ್ದನಂತೆ.

ಆ ಟೆಕ್ನಿಶಿಯನ್ನರಿಗೆ ಬೇರೆ ಯಾವ ದವಾಖಾನೆಯಲ್ಲೂ ಕೆಲಸ ಸಿಕ್ಕಿರಲಿಲ್ಲ. ಊರಿನಲ್ಲಿ ತಮ್ಮ ಮಾವನ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನಾವು ಹೋದಾಗ ಜೋಳ ಬೀಸಿಸಲು ಹೆಂಗಸರು ಡಬ್ಬಿ ಇಟ್ಟುಕೊಂಡು ಕೂತಿದ್ದರು. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡಿದ್ದ ಆ ಮನುಷ್ಯ ಆಪಾನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಬಾಯಿ ಅಲ್ಲಾಡಿದ್ದು ಕಂಡಿತು, ಗಿರಣಿಯ ಸದ್ದಿನಲ್ಲಿ ಮಾತು ಕೇಳಲಿಲ್ಲ.

"ಮೊದ್ಲ ಇದನ್ನ ಬಂದ್ ಮಾಡ್ರಿ" ಅಂತ ಆಪಾ ಕೈಸನ್ನೆ ಮಾಡಿದರು. ಬೆಲ್ಟು ನಿಂತಿತು. ಕೂತ ಹೆಂಗಸರೂ ಈ ಕಡೆ ತಿರುಗಿದರು.

"ಅಕ್ಕೋರ, ನಾ ಅವತ್ತ..."

"ನೀವು ಅವತ್ತ ಎಲ್ಲಾ ಸರಿ ಮಾಡೀರಿ" ಅಂದರು ಆಪಾ. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೂ ಕೇಳುವ ಧ್ವನಿ. "ಒತ್ತಿದ್ದು ಸರಿ ಇತ್ತು. ನಾ ಕಣ್ಣಾರೆ ನೋಡೇನಿ. ಆ ಕಂಪ್ಯೂಟರ್ ಒಳಗ ಒಂದ್ ತಪ್ಪಿತ್ತು. ಹುಡುಕೇನಿ, ತಿದ್ದೇನಿ. ಬ್ಯಾರೆಯವರೂ ನೋಡಿ ಹೌದು ಅಂದಾರ. ಅವತ್ತ ಅದೇ ಆತು ಅಂತ ಆಣಿ ಮಾಡಿ ಹೇಳಾಕ ನನಗ ಬರೂದಿಲ್ಲ. ಆದ್ರ ನಿಮ್ಮ ಕೈಲೆ ತಪ್ಪು ಆಗಿಲ್ಲ. ಇದನ್ನ ಹೇಳಾಕ ಬಂದೇನಿ."

ಅವರು ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡರು. ಹಿಟ್ಟು ಹೋಗಲಿಲ್ಲ.

"ಲಗೂನ ಆರಿಸಿ ಚಾಲೂ ಮಾಡಿದ್ರ ಹೋಗ್ತಿತ್ತೇನೋ ಅಂತ ದಿನಾ ಅನಸ್ತದ್ರಿ ಅಕ್ಕೋರ. ಹೋಗಿದ್ರ ಅವರು ಉಳೀತಿದ್ರೇನ್ರಿ?"

"ಗೊತ್ತಿಲ್ರಿ."

ಮೂಲೆಯ ಹೆಂಗಸೊಬ್ಬಳು ತನ್ನ ಸ್ಟೂಲು ತಂದು ಆಪಾಗೆ ಕೊಟ್ಟಳು. ಆಪಾ ಕೂತರು. ಆ ಮನುಷ್ಯ ಎದುರಿಗೆ ಚೀಲದ ಮೇಲೆ ಕೂತು ತಡೆದು ತಡೆದು ಹೇಳಿದರು:

"ನೀವು ಔಷಧ ತರಾಕ ಹ್ವಾದಾಗ ಅವರು ಒಂದ್ ಮಾತು ಅಂದ್ರ್ರಿ. ಯಾರೂ ಕೇಳ್ಲಿಲ್ಲ, ಹಂಗಾಗಿ ನಾನೂ ಹೇಳಿಲ್ಲ."

"ಹೇಳ್ರಿ."

"ಮಷಿನ್ ಇನ್ನೂ ಏಳವಲ್ದಾಗಿತ್ತು, ನಾ ಗಾಬರಿಯಾಗಿ ಅದರ ಸುತ್ತ ತಡಕಾಡಾಕತ್ತಿದ್ದೆ. ಅವರು ಮಕ್ಕೊಂಡಲ್ಲಿಂದಲೇ ನೋಡಿದ್ರು. 'ಗಡಬಡ ಮಾಡಬ್ಯಾಡ ತಮ್ಮಾ. ಎಲ್ಲ್ಯರ ತಂತಿ ಸಡ್ಲ ಆಗಿರಬೇಕು, ಸಾವಕಾಶ ನೋಡು' ಅಂದ್ರು."

ಆಪಾ ಅದನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಗಂಡ ಹೋದ ಮೇಲೆ ಅವರು ಅತ್ತಿದ್ದನ್ನು ನಾನು ನೋಡಿದ್ದು ಅವತ್ತೇ. ಗಿರಣಿಯಲ್ಲಿ ಯಾರೂ ಏಳಲಿಲ್ಲ, ಹಿಟ್ಟು ಬೇಗ ಬೇಕು ಅಂತ ಯಾರೂ ಅನ್ನಲಿಲ್ಲ.

ಊರಿಗೆ ಬಂದು ಆಪಾ ಆ ಮಾತನ್ನು ಮೈದುನನಿಗೆ ಹಾಗೇ ಹೇಳಿದರು. ಅವನು ಕೇಳಿದ, ಎದ್ದು ಹೋದ. ಅವರನ್ನು ಮತ್ತೆ ಕೆಲಸಕ್ಕೆ ತಗೊಳ್ಳಿರಿ ಅಂತ ಆಪಾ ದವಾಖಾನೆಗೂ ಹೋಗಿ ಹೇಳಿದರು. ಡಾಕ್ಟರು ಒಪ್ಪಿದರು. ಬರಲಾರೆ ಅಂದವರು ಆ ಟೆಕ್ನಿಶಿಯನ್ನರೇ. ಆ ಕೋಣೆಯೊಳಗೆ ಕಾಲಿಡುವುದು ತಮ್ಮಿಂದ ಆಗದು ಅಂದರಂತೆ. ಆಪಾ ಒತ್ತಾಯ ಮಾಡಲಿಲ್ಲ.

ಅದಾದ ಮೇಲೆ ಆಪಾ ಬಹಳ ದಿನ ಉಳಿಯಲಿಲ್ಲ. ಹೊಟ್ಟೆ ನೋವು ಅಂತ ಶುರುವಾದದ್ದು ಪಿತ್ತಕೋಶದ ಕ್ಯಾನ್ಸರ್ ಅಂತ ಗೊತ್ತಾಗುವ ಹೊತ್ತಿಗೆ ಮಾಡುವಂಥದ್ದೇನೂ ಇರಲಿಲ್ಲ. ನಾನು ನೋಡಲು ಹೋದಾಗ ಹಾಸಿಗೆಯಲ್ಲಿ ಒರಗಿ ವಿದ್ಯಾರ್ಥಿಗಳ ಪ್ರಾಜೆಕ್ಟು ತಿದ್ದುತ್ತಿದ್ದರು. ನೋವು ಹೇಗಿದೆ ಅಂತ ಕೇಳಿದೆ. "ಅದ" ಅಂದರು. ಮೈದುನ ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಕಾಲ ಹತ್ತಿರ ಕೂಡುತ್ತಿದ್ದ. ಗಂಜಿ ಕುಡಿಸುತ್ತಿದ್ದ, ಔಷಧಿ ಕೊಡುತ್ತಿದ್ದ. ಅಫಜಲಪುರದ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ ಅಂತ ಅವನ ಹೆಂಡತಿ ನನಗೆ ಹೇಳಿದಳು.

ಆಪಾನನ್ನು ಮಣ್ಣಿಗೆ ಒಯ್ಯಲು ಜನಾಜಾ ಎತ್ತುವ ಹೊತ್ತಿಗೆ ಹೆಂಗಸರು ನಾವು ಬಾಗಿಲಲ್ಲಿ ನಿಂತಿದ್ದೆವು. ಓಣಿ ತುಂಬ ಜನ. ಹಳೆಯ ವಿದ್ಯಾರ್ಥಿಗಳು, ಮೋಟರ್ ಅಂಗಡಿಯ ಗಿರಾಕಿಗಳು, ನಮ್ಮ ಪ್ರಿನ್ಸಿಪಾಲರು. ಎದುರು ಮನೆಯ ಗೋಡೆಗೆ ಒತ್ತಿಕೊಂಡು, ಯಾರ ಕಣ್ಣಿಗೂ ಬೀಳಬಾರದು ಅನ್ನುವ ಹಾಗೆ ನಿಂತಿದ್ದವರನ್ನು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹಿಟ್ಟಿಲ್ಲದ ಮುಖವನ್ನು ನಾನು ನೋಡಿರಲಿಲ್ಲ. ಮುಂದಿನ ತುದಿಗೆ ಮೈದುನ ಹೆಗಲು ಕೊಟ್ಟಿದ್ದ. ನಾಲ್ಕು ಹೆಜ್ಜೆ ನಡೆದವನು ಅವರನ್ನು ನೋಡಿ ನಿಂತುಬಿಟ್ಟ. ಹಿಂದಿನವರೂ ನಿಲ್ಲಬೇಕಾಯಿತು. ಯಾರಿಗೂ ಏನೂ ತಿಳಿಯಲಿಲ್ಲ. ಆ ಮನುಷ್ಯ ಕಾಲಲ್ಲಿದ್ದ ಚಪ್ಪಲಿ ಬಿಟ್ಟು, ಕೈ ಜೋಡಿಸಿ, ತಲೆ ತಗ್ಗಿಸಿ ನಿಂತರು.

"ಬರ್ರಿ" ಅಂದ ಮೈದುನ. "ಭಾಬಿಗೆ ಹೆಗಲ ಕೊಡ್ರಿ."

ಅವರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಅವನು ಪಕ್ಕಕ್ಕೆ ಸರಿದು ತನ್ನ ಜಾಗ ಬಿಟ್ಟುಕೊಟ್ಟ.